ಕೈಯಲ್ಲಿ ಬರೆದ ಮ್ಯೂ

ಕೈಪಂಪಿನ ನೀರಿನಲ್ಲಿ ಸೀಸ ಎಷ್ಟಿದೆ ಎಂಬುದು ನನ್ನ ಪಿಎಚ್.ಡಿ. ವಿಷಯ. ಅಳತೆಯೆಲ್ಲ ಮೈಕ್ರೋಗ್ರಾಮಿನಲ್ಲಿ; ಅದಕ್ಕೆ ಗ್ರೀಕಿನ ಮ್ಯೂ ಅಕ್ಷರವೇ ಗುರುತು. ದೆಹಲಿಯ ಮುನಿರ್ಕಾದ ಡಿಟಿಪಿ ಅಂಗಡಿಯವನು ಚೆನ್ನಾಗಿ ಕಾಣಲೆಂದು ಇಡೀ ಪ್ರಬಂಧದ ಫಾಂಟನ್ನು ಒಮ್ಮೆಲೇ ಬದಲಿಸಿದ್ದ. ಮ್ಯೂ ಇದ್ದಲ್ಲೆಲ್ಲ ಇಂಗ್ಲಿಷಿನ ಎಮ್ ಬಂದು ಕೂತಿತ್ತು. ಮೈಕ್ರೋಗ್ರಾಮು ಮಿಲಿಗ್ರಾಮಾಗಿ, ನೀರಿನ ವಿಷ ಸಾವಿರ ಪಟ್ಟು ಏರಿತ್ತು. ನಾನು ನೋಡುವ ಹೊತ್ತಿಗೆ ಐದೂ ಪ್ರತಿಗಳಿಗೆ ರಟ್ಟು ಕಟ್ಟಿಯಾಗಿತ್ತು.

“ಚಲೇಗಾ ಮೇಡಂ” ಎಂದ ಅಂಗಡಿಯವನು, ಇಷ್ಟಾದರೆ ನಡೆಯುತ್ತೆ ಬಿಡಿ ಎನ್ನುವ ಹಾಗೆ.

ಮೈಸೂರಿನವರೇ ಆದ ನನ್ನ ಗೈಡ್ ಹೇಳಿದ್ದೂ ಅದನ್ನೇ. “ಇವತ್ತು ಕೊನೇ ದಿನ ಕಣಮ್ಮ, ಸುಮ್ನೆ ಕೊಟ್ಬಿಡು. ಥೀಸಿಸ್ ಯಾರೂ ಓದಲ್ಲ.”

ನನಗೆ ಮೈ ಉರಿದುಹೋಯಿತು. ಸುಳ್ಳು ಅಂಕಿಗಳ ಕೆಳಗೆ ನನ್ನ ಸಹಿ ಇತ್ತು. ಕಪ್ಪು ಪೆನ್ನು ತೆಗೆದು ಅವರ ಮೇಜಿನ ಎದುರಿಗೇ ಕೂತೆ. ಒಂದೊಂದೇ ಎಮ್ ಹೊಡೆದುಹಾಕಿ, ಅದರ ಮೇಲೆ ಉದ್ದ ಬಾಲದ ಮ್ಯೂ ಬರೆಯತೊಡಗಿದೆ. ಮೂರನೇ ಪ್ರತಿಗೆ ಬರುವಾಗ ಬೆರಳು ನೋಯುತ್ತಿತ್ತು. ಗೈಡ್ ಎರಡು ಸಲ ಗಡಿಯಾರ ನೋಡಿದರು, ಆಮೇಲೆ ಬಗ್ಗಿ ನನ್ನ ಪುಟ ನೋಡಿದರು.

“ಎಷ್ಟು ಗಲೀಜಾಗಿ ಕಾಣುತ್ತೆ ನೋಡು!”

ನಾನು ತಲೆ ಎತ್ತಲಿಲ್ಲ.

“ಯಾರೂ ಓದಲ್ಲ ಅಂದ್ರಲ್ಲ ಸರ್, ಮತ್ತೆ ಯಾರಿಗೆ ಕಾಣುತ್ತೆ?”