ಓಟದ ಆ ತುದಿ

ಬ್ಯಾಡಗಿಯ ದರ್ಜಿ ಶಮಶೇರಸಾಬನಿಗೆ ಟೀವಿಯ ಮೋಟಾರು ಓಟದ ಬಗ್ಗೆ ಇದ್ದಷ್ಟು ಅಭಿಪ್ರಾಯಗಳು ಆ ಓಟ ನಡೆಸುವವರಿಗೂ ಇದ್ದಿರಲಿಕ್ಕಿಲ್ಲ. ಆದರೆ ಅವನ್ನು ಹೇಳಲು ಅವನಿಗೆ ದನಿ ಇರಲಿಲ್ಲ. ಗಂಟಲಿಗೆ ಕೆಟ್ಟ ರೋಗ ತಗುಲಿ, ಹುಬ್ಬಳ್ಳಿಯ ಡಾಕ್ಟರು ಕತ್ತರಿ ಹಾಕಿ, ಜೀವ ಉಳಿಸಿ ದನಿ ತೆಗೆದಿದ್ದರು. ಕುತ್ತಿಗೆಯಲ್ಲೊಂದು ತೂತು, ಉಸಿರಾಟವೆಲ್ಲ ಅಲ್ಲಿಂದಲೇ. ಅದರ ಮೇಲೆ ತಾನೇ ಹೊಲಿದ ಬಿಳಿ ಮಲಮಲಿನ ಪಟ್ಟಿ ಕಟ್ಟಿಕೊಂಡು, ರವಿವಾರ ಮಧ್ಯಾಹ್ನ ಊಟ ಮುಗಿಸಿ ಟೀವಿಯ ಮುಂದೆ ಹೊರಸಿನ ಮೇಲೆ ಕೂತನೆಂದರೆ, ಮನೆಗೆ ಯಾರು ಬಂದರೂ ಅಲ್ಲಾಡುವ ಆಸಾಮಿಯಲ್ಲ.

ಅದು ಸುತ್ತು ಹಾಕುವ ಓಟವಲ್ಲ. ನೆಟ್ಟಗಿನ ಒಂದು ರಸ್ತೆ, ಎಡಕ್ಕೊಂದು ಬಲಕ್ಕೊಂದು ಗಾಡಿ. ಹಳದಿ ದೀಪ ಹತ್ತಿ ಹಸಿರು ಬರುತ್ತದೆ, ಗಾಡಿಗಳು ಬೆಂಕಿ ಉಗುಳಿ ನೆಗೆಯುತ್ತವೆ, ಬಾಯಲ್ಲಿ ಹಾಕಿಕೊಂಡ ಅಡಿಕೆ ಮುರಿಯುವುದರೊಳಗೆ ಎಲ್ಲ ಮುಗಿದಿರುತ್ತದೆ. ಹೆಂಡತಿ ತಾಜಬಿಗೆ ಇದು ತಲೆಗೇ ಹತ್ತಿರಲಿಲ್ಲ.

"ಇಷ್ಟಕ್ಕ ಇಷ್ಟೊಂದು ಸೋಗೇನ್ರಿ? ನಾ ಒಲೀ ಮ್ಯಾಲಿನ ಹಾಲು ಇಳಿಸಿ ಬರೂದ್ರಾಗ ಮುಗದ ಹೋಗಿರ್ತದ. ಇದನ್ನ ನೋಡಾಕ ಮಧ್ಯಾಹ್ನೆಲ್ಲಾ ಕುಂದರ್ತೀರಲ್ಲ!" ಎಂದು ಅವಳು ಕಾಲೆಳೆದರೆ, ಶಮಶೇರಸಾಬ ಕೈ ಬೀಸಿ ಅವಳನ್ನು ಅಡುಗೆಮನೆಗೆ ಅಟ್ಟುತ್ತಿದ್ದ.

ಅವನ ಮೊದಲ ಅಭಿಪ್ರಾಯವೆಂದರೆ ಈ ಓಟಕ್ಕೆ ಆವಾಜು ಬೇಡ. ಟೀವಿಯ ದನಿಯನ್ನು ಪೂರ್ತಿ ಅಡಗಿಸಿಯೇ ನೋಡುತ್ತಿದ್ದ. ಗಾಡಿ ಇನ್ನೂ ಹೊರಟಿರುವುದಿಲ್ಲ, ಆಗಲೇ ಇಬ್ಬರು ಕೂತು ಗಂಟಲು ಹರಿಯುವಂತೆ ಕಿರುಚುತ್ತಾರೆ. ದೇವರು ಕೊಟ್ಟ ದನಿಯನ್ನು ಹೀಗೆ ಪೋಲು ಮಾಡುವವರನ್ನು ಕಂಡರೆ ಅವನ ಹೊಟ್ಟೆ ಉರಿಯುತ್ತಿತ್ತು. ಹೊರಡುವ ಮೊದಲು ಗಾಲಿಗಳನ್ನು ನಿಂತಲ್ಲೇ ತಿರುಗಿಸಿ ಹೊಗೆ ಎಬ್ಬಿಸುತ್ತಾರಲ್ಲ, ಅದು ಬರೇ ಬಡಿವಾರ. ಹಸಿರು ದೀಪ ಬರುವ ಮೊದಲೇ ನುಗ್ಗಿದವನು ಸೋತಂತೆ ಎಂಬ ಕಾಯಿದೆ ಮಾತ್ರ ಅವನಿಗೆ ಬಹಳ ಹಿಡಿಸಿತ್ತು. ಅವಸರದ ಮನುಷ್ಯರಿಗೆ ಅಷ್ಟಾದರೂ ಶಿಕ್ಷೆ ಇರಬೇಕು.

ಆದರೆ ಎಲ್ಲಕ್ಕಿಂತ ದೊಡ್ಡ ತಕರಾರು ಇದ್ದದ್ದು ಕ್ಯಾಮೆರಾದವರ ಮೇಲೆ. ಅವರಿಗೆ ಗಾಡಿ ಹೊರಡುವುದಷ್ಟೇ ಬೇಕು, ಗೆಲ್ಲುವುದಷ್ಟೇ ಬೇಕು. ಗೆದ್ದ ಮೇಲೆ ಅಷ್ಟು ಜೋರಿನ ಗಾಡಿ ನಿಲ್ಲುವುದು ಹೇಗೆಂಬುದನ್ನು ಒಂದು ಗಳಿಗೆ ತೋರಿಸಿ ಬಿಟ್ಟುಬಿಡುತ್ತಾರೆ. ಗೆರೆ ದಾಟಿದ ಕೂಡಲೇ ಅದರ ಬೆನ್ನಿನಿಂದ ಬಟ್ಟೆಯ ಕೊಡೆಯೊಂದು ಬಿಚ್ಚಿಕೊಂಡು, ಗಾಳಿ ತುಂಬಿಕೊಂಡು, ಗಾಡಿಯನ್ನು ಹಿಂದಕ್ಕೆ ಜಗ್ಗಿ ನಿಲ್ಲಿಸುತ್ತದೆ. ಅದನ್ನು ಮೊದಲ ಸಲ ಕಂಡ ದಿನ ಶಮಶೇರಸಾಬ ಹೊರಸಿನಿಂದ ಎದ್ದು ನಿಂತುಬಿಟ್ಟಿದ್ದ. ಯಾವ ಬಟ್ಟೆಯೋ, ಎಂಥ ದಾರವೋ! ಜೋಡಿ ಹೊಲಿಗೆಯೇ ಇರಬೇಕು, ಒಂಟಿ ಹೊಲಿಗೆ ಆ ಎಳೆತಕ್ಕೆ ತಡೆಯುವುದಿಲ್ಲ. ಯಾವನೋ ನನ್ನಂಥ ದರ್ಜಿ ಕೂತು ಹೊಲಿದಿದ್ದಾನೆ, ಅವನ ಮೋರೆ ಮಾತ್ರ ಯಾರೂ ತೋರಿಸುವುದಿಲ್ಲ ಎಂದು ಅವನಿಗೆ ಸಿಟ್ಟು. ಅವನ ಕಣ್ಣು ಯಾವಾಗಲೂ ಓಟದ ಆ ತುದಿಯಲ್ಲೇ ನೆಟ್ಟಿರುತ್ತಿತ್ತು.

ಯಾಕೆಂದರೆ ಒಂದು ಕಾಲಕ್ಕೆ ಅವನೇ ಆ ತುದಿಯಲ್ಲಿ ನಿಲ್ಲುತ್ತಿದ್ದ.

ಕರ್ಜಗಿಯ ನಾಗಪ್ಪ ಅವನ ಗೆಳೆಯ, ಹೊಸರಿತ್ತಿಯ ಸಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವನು. ಒಕ್ಕಲುತನದ ಮನೆ, ಕೈತುಂಬ ಹೊಲ, ತಲೆತುಂಬ ಹೋರಿಯ ಹುಚ್ಚು. ದೀಪಾವಳಿ ಬಂತೆಂದರೆ ನಮ್ಮ ಕಡೆ ಹೋರಿ ಓಡಿಸುತ್ತಾರೆ. ಕೊರಳಿಗೆ ಒಣಕೊಬ್ಬರಿಯ ಸರ ಕಟ್ಟಿ, ಬೆನ್ನಿಗೆ ಬಣ್ಣದ ಜೂಲ ಹೊದಿಸಿ, ಜನರ ಎರಡು ಗೋಡೆಗಳ ನಡುವೆ ಬಿಡುತ್ತಾರೆ. ಹುಡುಗರು ಮೈಮೇಲೆ ಬಿದ್ದು ಕೊಬ್ಬರಿ ಹರಿಯಲು ನೋಡುತ್ತಾರೆ. ಯಾರ ಕೈಗೂ ಸಿಗದೆ ದಾಟಿ ಹೋದರೆ ಹೋರಿ ಗೆದ್ದಂತೆ. ಗೆದ್ದ ಹೋರಿಯನ್ನು ನಿಲ್ಲಿಸಬೇಕಲ್ಲ? ಅದಕ್ಕೆ ಆ ತುದಿಯಲ್ಲಿ ಅದರ ಬಳಕೆಯವನೊಬ್ಬ ಇರಬೇಕು. ನಾಗಪ್ಪನ ಹೋರಿಯ ಹೆಸರು ಗುಡುಗು, ಅದರ ಬಳಕೆಯವನು ಶಮಶೇರಸಾಬ. ಕರುವಾಗಿದ್ದಾಗಿನಿಂದ ಜೂಲದ ಅಳತೆಗೆಂದು ಹೋದಾಗಲೆಲ್ಲ ಕೈಯಲ್ಲಿ ಹಿಂಡಿ ಹಿಡಿದು, "ಬಾ ಮಗನ, ಬಾ!" ಎಂದು ಕರೆದು ತಿನ್ನಿಸಿದವನು. ಎಷ್ಟೇ ರಭಸದಲ್ಲಿ ಬಂದರೂ ಆ ಕರೆ ಕಿವಿಗೆ ಬಿತ್ತೆಂದರೆ ಗುಡುಗು ಕಾಲು ಸಡಿಲ ಬಿಟ್ಟು, ಬಂದು ಅವನ ಎದೆಗೆ ಹಣೆ ಹಚ್ಚಿ ನಿಲ್ಲುತ್ತಿತ್ತು.

"ಬಿಡಾಂವ ನಾನು, ಹಿಡ್ಯಾಂವ ನಮ್ಮ ಸಾಬ. ಗುಡುಗು ಇಬ್ಬರದೂ ಐತಿ," ಎಂದು ನಾಗಪ್ಪ ಊರೂರಲ್ಲಿ ಹೇಳಿಕೊಂಡು ತಿರುಗುತ್ತಿದ್ದ. ಅವನು ಎಡಚ, ಹೋರಿ ಬಿಡುವಾಗ ಯಾವಾಗಲೂ ಅದರ ಎಡಮಗ್ಗುಲಿಗೇ ನಿಲ್ಲುವವನು.

ಗಂಟಲಿನ ಆಪರೇಷನ್ ಆದಾಗ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ತಾಜಬಿಯ ಜೊತೆ ಕೂತವನೂ ನಾಗಪ್ಪನೇ. ಆಮೇಲೆ ಬಂದದ್ದು ದೀಪಾವಳಿ. ಈ ಸಲವೂ ಗುಡುಗನ್ನು ಹಿಡಿಯಲು ಬಾ ಎಂದು ನಾಗಪ್ಪ ಬ್ಯಾಡಗಿಗೆ ಬಂದು ಎದುರಿಗೆ ಕೂತ. ಶಮಶೇರಸಾಬ ಗಂಟಲು ಮುಟ್ಟಿ ತೋರಿಸಿ, ಬೇಡ ಎಂದು ಕೈಯಾಡಿಸಿದ.

"ಏ ಹುಚ್ಚಾ, ಅದೇನ್ ನಿನ್ನ ಧ್ವನಿಗೆ ನಿಲ್ತೈತೇನು? ನಿನ್ನ ಮಾರಿಗೆ ನಿಲ್ತೈತಿ. ಸಣ್ಣದಿದ್ದಾಗಿಂದ ನೋಡೇತಿ. ನೀ ಸುಮ್ನ ಬಂದು ನಿಲ್ಲು, ಸಾಕು," ಎಂದ ನಾಗಪ್ಪ.

ಶಮಶೇರಸಾಬ ಒಪ್ಪಿದ. ಖರೇ ಹೇಳಬೇಕೆಂದರೆ, ಆ ಮಾತನ್ನು ನಂಬಲು ಅವನಿಗೆ ಆಸೆಯಿತ್ತು. ದನಿ ಹೋದರೂ ತನ್ನಲ್ಲಿ ಮತ್ತೇನೋ ಉಳಿದಿದೆ, ಅದನ್ನು ಒಂದು ಜೀವ ಗುರುತು ಹಿಡಿಯುತ್ತದೆ ಎಂದರೆ ಯಾರಿಗೆ ಬೇಡ? ಗುಡುಗಿಗೆಂದು ನೀಲಿ ಸಾಟಿನ್ನಿನ ಹೊಸ ಜೂಲ ಹೊಲಿದ, ಅಂಚಿಗೆ ಜರಿಯ ಕುಚ್ಚು ಹಚ್ಚಿದ.

ಆವತ್ತು ಓಟ ಇದ್ದದ್ದು ಹೆದ್ದಾರಿ ಪಕ್ಕದ ಒಂದು ಊರಿನಲ್ಲಿ. ಗುಡುಗು ಎಂದಿನಂತೆ ಯಾರ ಕೈಗೂ ಸಿಗದೆ ಬಂತು. ಶಮಶೇರಸಾಬ ಎರಡೂ ಕೈ ಎತ್ತಿ ನಿಂತ, ಬಾಯಿ ತೆರೆದ. ಕುತ್ತಿಗೆಯ ತೂತಿನಿಂದ ಬುಸ್ಸೆಂದು ಗಾಳಿ ಬಂತು, ಅಷ್ಟೇ. ಆ ಗದ್ದಲದಲ್ಲಿ ಹೋರಿ ಹುಡುಕುತ್ತಿದ್ದದ್ದು ಮೋರೆಯನ್ನಲ್ಲ, ಕರೆಯನ್ನು. ಅದು ಸಿಗಲಿಲ್ಲ. ಹೊಸ ಜೂಲದ ಕುಚ್ಚು ಅವನ ಅಂಗೈಗೆ ತಾಗಿ ಹೋಯಿತು. ಗುಡುಗು ಹಾಗೇ ಓಡಿ, ನಾಲ್ಕು ಲೈನಿನ ರಸ್ತೆಯ ಸೇತುವೆಗೆಂದು ತೋಡಿದ್ದ ಗುಂಡಿಗೆ ಬಿದ್ದು ಕುತ್ತಿಗೆ ಮುರಿದುಕೊಂಡಿತು.

ನಾಗಪ್ಪ ಓಡಿ ಬಂದು ಗುಂಡಿಗೆ ಇಳಿದು ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಮೇಲೆ ನಿಂತ ಗೆಳೆಯನ ಕಡೆ ಕತ್ತೆತ್ತಿ ನೋಡಲಿಲ್ಲ. ಸಂಜೆ ಟ್ರ್ಯಾಕ್ಟರಿನಲ್ಲಿ ಒಯ್ದು ಹೊಲದಲ್ಲಿ ಹುಗಿದ. ಆ ಮೇಲೆ ಬ್ಯಾಡಗಿಯ ಪೇಟೆಗೆ ಮೆಣಸಿನಕಾಯಿ ತಂದಾಗಲೂ ಶಮಶೇರಸಾಬನ ಅಂಗಡಿಯ ಓಣಿ ತಪ್ಪಿಸಿ ಹೋಗತೊಡಗಿದ. ಶಮಶೇರಸಾಬನಿಗೆ ಅರ್ಥವಾಯಿತು, ಅಥವಾ ಅರ್ಥವಾಯಿತೆಂದು ಅವನು ತಿಳಿದ. ಗೆಳೆಯನ ಹೋರಿ ನನ್ನ ಕೈಯಲ್ಲಿ ಸತ್ತಿತು, ಇನ್ನು ಅವನು ನನ್ನ ಮುಖ ನೋಡುವುದಿಲ್ಲ.

"ಒಮ್ಮೆ ನೀವ ಹೋಗಿ ಬರ್ರಿ," ಎಂದು ತಾಜಬಿ ಎಷ್ಟೋ ಸಲ ಅಂದಳು. ಹೋಗಿ ಮಾಡುವುದೇನು? ಬಾಯಿಲ್ಲದವನು ಕ್ಷಮೆಯನ್ನಾದರೂ ಹೇಗೆ ಕೇಳುತ್ತಾನೆ?

ಹೀಗಿರುವಾಗ ಮನೆಗೆ ಕೇಬಲ್ಲು ಬಂದದ್ದು, ರವಿವಾರದ ಓಟ ಕಣ್ಣಿಗೆ ಬಿದ್ದದ್ದು. ದನಿ ಬೇಡ, ಗುರುತು ಬೇಡ, ಒಂದು ತುಂಡು ಬಟ್ಟೆ ಬಿಚ್ಚಿಕೊಂಡರೆ ಸಾಕು, ಅಷ್ಟು ದೊಡ್ಡ ಓಟ ನಿಲ್ಲುತ್ತದೆ. ಅದನ್ನು ನೋಡಿದಷ್ಟೂ ಅವನಿಗೆ ಸಾಕೆನಿಸುತ್ತಿರಲಿಲ್ಲ. ಪ್ರತಿ ಓಟದಲ್ಲೂ ಎಡಗಡೆಯ ಗಾಡಿಯೇ ಗೆಲ್ಲಬೇಕೆಂದು ಹಟ. ಅದು ಗೆದ್ದರೆ ತೊಡೆ ತಟ್ಟುವನು, ಸೋತರೆ ಊಟ ಸೇರದು.

ಕೆಲವು ವರ್ಷ ಕಳೆದ ಮೇಲೆ ಗಂಟಲಲ್ಲಿ ಮತ್ತೆ ಗಂಟು ಕಾಣಿಸಿತು. ಇನ್ನು ಕತ್ತರಿ ಹಾಕಲಾಗದು, ಮನೆಗೆ ಕರೆದುಕೊಂಡು ಹೋಗಿರಿ ಎಂದರು ಡಾಕ್ಟರು. ಅದಾದ ನಂತರದ ಒಂದು ರವಿವಾರ ಎಡಗಡೆಯ ಗಾಡಿ ಗೆದ್ದಿತು, ಆದರೆ ಅದರ ಕೊಡೆ ಬಿಚ್ಚಿಕೊಳ್ಳಲಿಲ್ಲ. ಗಾಡಿ ನಿಲ್ಲದೆ ಹೋಗಿ ತುದಿಯ ಉಸುಕಿನಲ್ಲಿ ಹೂತು ಪಲ್ಟಿ ಹೊಡೆಯಿತು. ಒಳಗಿದ್ದವನು ಏನಾದ ಎಂದು ತೋರಿಸುವ ಮೊದಲೇ ಸಾಬೂನಿನ ಜಾಹೀರಾತು ಬಂತು. ತಾಜಬಿ ಒಳಗಿನಿಂದ ಬಂದು ನೋಡಿದರೆ, ಗಂಡ ಟೀವಿಯ ಮುಂದೆ ಎರಡೂ ಕೈ ಎತ್ತಿ, ಬಾಯಿ ತೆರೆದು ನಿಂತಿದ್ದ. ಕಣ್ಣಲ್ಲಿ ನೀರು ಧಾರಾಕಾರ. ಈ ಓಟದಲ್ಲಿ ಅವನು ಏನನ್ನು ನೋಡುತ್ತಾನೆಂಬುದು ಅವಳಿಗೆ ತಿಳಿದದ್ದು ಆಗಲೇ. ಮರುದಿನ ಬುರ್ಖಾ ಹಾಕಿಕೊಂಡವಳೇ ಹಾವೇರಿಯ ಬಸ್ಸು ಹತ್ತಿ, ಅಲ್ಲಿಂದ ಕರ್ಜಗಿಗೆ ಹೋಗಿ ಬಂದಳು. ಹೋಗಿದ್ದನ್ನು ಅವನಿಗೆ ಹೇಳಲಿಲ್ಲ.

ಮುಂದಿನ ರವಿವಾರ ನಾಗಪ್ಪ ಬಾಗಿಲಲ್ಲಿ ನಿಂತಿದ್ದ. ಮೈ ಇಳಿದು ಹೋಗಿತ್ತು.

"ಬರ್ರಿ ಅಣ್ಣಾವ್ರ, ಕುಂದ್ರಿ," ಎಂದಳು ತಾಜಬಿ.

ಅವನು ಹೊರಸಿನ ತುದಿಗೆ ಕೂತು ಟೀವಿಯ ಕಡೆ ನೋಡಿದ. "ಇದರದೇನು, ಆವಾಜ ಇಲ್ಲಲ್ಲ..." ಎಂದು ಬಾಯಿಬಿಟ್ಟವನು ಅರ್ಧಕ್ಕೇ ನಾಲಿಗೆ ಕಚ್ಚಿಕೊಂಡ. ಆಮೇಲೆ ಗೆಳೆಯನ ಕುತ್ತಿಗೆಯ ಬಿಳಿ ಪಟ್ಟಿಯನ್ನು ನೋಡಿದ, ಅದರ ಪಕ್ಕದ ಬಾವನ್ನೂ ನೋಡಿದ. ಅಲ್ಲಿಗೆ ಅವನ ಕಟ್ಟೆ ಒಡೆಯಿತು.

"ಶಮಶೇರಾ, ನಾ ಯಾವ ಮಾರಿ ಹೊತ್ತು ಬರ್ಲಿ ಹೇಳು? ನೀ ಬ್ಯಾಡ ಅಂದಿದ್ದಿ. ಕೈ ಮಾಡಿ ಹೇಳಿದ್ದಿ. ನಾ ಕೇಳ್ಲಿಲ್ಲ. ಹೋರಿ ಹೋತು, ಹೋಗ್ಲಿ, ಅದರ ಮಾತ ಬ್ಯಾಡ. ನೀ ಅಷ್ಟು ಮಂದಿ ಮುಂದ ಬಾಯಿ ತಗದು ನಿಂತದ್ದು ನಾ ಹೋರಿ ಬಿಡೂ ಕಡಿಂದ ನೋಡಿನಿ. ನಿನ್ನ ಹಂಗ ನಿಲ್ಲಿಸಿದಾಂವ ನಾನು. ನನ್ನ ಹಟಕ್ಕ ನಿಲ್ಲಿಸಿದೆ. ಕಣ್ಣ ಮುಚ್ಚಿದ್ರ ಅದ ಕಾಣ್ತೈತಿ..." ಎನ್ನುತ್ತ ತನ್ನ ಕಪಾಳಕ್ಕೆ ತಾನೇ ಹೊಡೆದುಕೊಂಡ, ಮತ್ತೆ ಹೊಡೆದುಕೊಂಡ. ಮಾತು ನಿಲ್ಲಲಿಲ್ಲ, ಕೈಯೂ ನಿಲ್ಲಲಿಲ್ಲ.

ಇಷ್ಟು ವರ್ಷ ಇಬ್ಬರೂ ಒಂದೇ ತಪ್ಪನ್ನು ತನ್ನದೆಂದು ಹೊತ್ತುಕೊಂಡು ಬೇರೆ ಬೇರೆ ಊರಲ್ಲಿ ಕೂತಿದ್ದರು. ಇಲ್ಲ ಮಾರಾಯಾ, ನಿನ್ನ ತಪ್ಪಲ್ಲ ಎಂದು ಶಮಶೇರಸಾಬ ಹೇಳಬೇಕಿತ್ತು. ತುಟಿ ಅಲುಗಿತು, ತೂತಿನಿಂದ ಗಾಳಿ ಬಂತು. ಅವನು ಕಷ್ಟಪಟ್ಟು ಎದ್ದು, ಗೆಳೆಯನ ಎದುರಿಗೆ ಹೋಗಿ, ಎರಡೂ ಕೈ ಎತ್ತಿ ನಿಂತ.

ನಾಗಪ್ಪ ತಲೆಯೆತ್ತಿ ನೋಡಿದ. ಹೊಡೆದುಕೊಳ್ಳುತ್ತಿದ್ದ ಕೈ ಅಲ್ಲೇ ನಿಂತಿತು. ಮಾತೂ ನಿಂತಿತು. ಮುದುಕನಂತೆ ಮೆಲ್ಲಗೆ ಎದ್ದು ಬಂದು, ಶಮಶೇರಸಾಬನ ಎದೆಗೆ ಹಣೆ ಹಚ್ಚಿದ.

ತಾಜಬಿ ಚಹಾ ತಂದು ಇಟ್ಟಳು. ಟೀವಿಯಲ್ಲಿ ಮತ್ತೆರಡು ಗಾಡಿಗಳು ಬಂದು ನಿಂತಿದ್ದವು. ಶಮಶೇರಸಾಬ ಎಡಗಡೆಯ ಗಾಡಿಯನ್ನು ತೋರಿಸಿ ನಾಗಪ್ಪನ ಎದೆ ಮುಟ್ಟಿದ.

"ಅದು ನಿಮ್ದಂತ, ಅಣ್ಣಾವ್ರ. ಎಡಗಡೇದು ಯಾವಾಗಲೂ ನಿಮ್ದ ಇತ್ತು," ಎಂದಳು ತಾಜಬಿ.

ಹಾಗೆ ಕೂಡಿ ನೋಡಿದ ರವಿವಾರಗಳು ಹೆಚ್ಚಿರಲಿಲ್ಲ. ಪೇಟೆಗೆ ಹೊಸ ಮೆಣಸಿನಕಾಯಿ ಬರುವ ಮೊದಲೇ ಶಮಶೇರಸಾಬ ತೀರಿಕೊಂಡ. ಜನಾಜಾಕ್ಕೆ ಹೆಗಲು ಕೊಟ್ಟು ನಾಗಪ್ಪ ಕಬರಸ್ತಾನದವರೆಗೂ ನಡೆದ, ಎಡಗೈಯಿಂದಲೇ ಮಣ್ಣು ಹಾಕಿದ.

ಅವನು ಈಗಲೂ ಕೆಲವು ರವಿವಾರ ಬ್ಯಾಡಗಿಗೆ ಬರುತ್ತಾನೆ. ತಾಜಬಿ ಟೀವಿ ಹಚ್ಚಿ ಗೋಡೆಗೆ ಆತು ಕೂರುತ್ತಾಳೆ. ಗಾಡಿಗಳು ಬಂದು ನಿಲ್ಲುತ್ತವೆ, ಹಳದಿ ದೀಪ ಹತ್ತುತ್ತದೆ.

"ಆವಾಜ ಹಾಕ್ಲೇನ್ರಿ, ಅಣ್ಣಾವ್ರ?" ಎಂದು ಅವಳು ಪ್ರತಿ ಸಲವೂ ಕೇಳುತ್ತಾಳೆ.

"ಬ್ಯಾಡ ತಂಗಿ. ಹಿಂಗ ಇರ್ಲಿ," ಎನ್ನುತ್ತಾನೆ ನಾಗಪ್ಪ. ಯಾವುದು ಗೆದ್ದಿತೆಂದು ಅವನು ನೋಡುವುದಿಲ್ಲ. ಕೊಡೆ ಬಿಚ್ಚಿಕೊಂಡು ಗಾಡಿ ಪೂರ್ತಿ ನಿಂತ ಮೇಲೆ ಎದ್ದು, ಟೋಪಿ ಹಾಕಿಕೊಂಡು, ಕರ್ಜಗಿಯ ದಾರಿ ಹಿಡಿಯುತ್ತಾನೆ.