ಎಲ್ ಅಂದರೆ ಯಾವ ಊರು

ಮೈಸೂರು ಕಡೆಯವರ ಹೆಸರಿನ ಮುಂದೆ ಒಂದೋ ಎರಡೋ ಇನಿಶಿಯಲ್ ಇರುತ್ತದೆ. ಮೊದಲನೆಯದು ಊರು, ಎರಡನೆಯದು ಅಪ್ಪ. ಅಮೆರಿಕದ ಫಾರಂಗಳಿಗೆ ಇದು ಅರ್ಥವಾಗುವುದಿಲ್ಲ, ಪೂರ್ತಿ ಬಿಡಿಸಿ ಬರೆಯಿರಿ ಎನ್ನುತ್ತವೆ. ಹಾಗೆ ಬಿಡಿಸುವುದರಲ್ಲಿ ಡೆಟ್ರಾಯಿಟ್ ಬಳಿಯ ಸ್ಟರ್ಲಿಂಗ್ ಹೈಟ್ಸ್‌ನ ನಮ್ಮ ಬಡಾವಣೆಗೆಲ್ಲ ನಾನೇ ಪಂಡಿತೆ. ಯಾರ ಮನೆಗೆ ಅಪ್ಪ ಅಮ್ಮ ಬಂದರೂ ಫಾರಂ ತುಂಬಲು ನನ್ನನ್ನೇ ಕರೆಯುತ್ತಾರೆ, ನಾನೂ ಸ್ವಲ್ಪ ಜಂಬದಿಂದಲೇ ಹೋಗುತ್ತೇನೆ. ಆ ಜಂಬ ಇಳಿದದ್ದು ನನ್ನ ಸ್ವಂತ ಅಮ್ಮನ ವಿಷಯದಲ್ಲಿ.

ಅಮ್ಮನ ಹೆಸರಿನ ಮುಂದೆ ಇದ್ದದ್ದು ಎಲ್. ಅವಳು ಟೀಚರಾಗಿ ನಿವೃತ್ತಳಾಗುವವರೆಗೂ ಶಾಲೆಯ ಹಾಜರಿ ಪುಸ್ತಕದಲ್ಲಿ ಅದೇ ಎಲ್. ಅವಳ ಮೊದಲ ಪಾಸ್‌ಪೋರ್ಟಿಗೆ ಇಲ್ಲಿಂದಲೇ ಅಪ್ಲೈ ಮಾಡುವಾಗ ನಾನು ಅವಳನ್ನು ಕೇಳಲೂ ಇಲ್ಲ. ತಾತ ಲಕ್ಕೂರಿನ ಕಡೆಯವರೆಂದು ಯಾರೋ ಹೇಳಿದ ನೆನಪು, ಲಕ್ಕೂರು ಎಂದು ಟೈಪ್ ಮಾಡಿದೆ. ಹುಟ್ಟಿದ ಊರು ಮೈಸೂರು ಎಂದು ಅವಳ ಶಾಲೆಯ ದಾಖಲೆಯಲ್ಲೇ ಇತ್ತು. ಪಾಸ್‌ಪೋರ್ಟ್ ಕೈಸೇರಿದ ದಿನ ಫೋನಿನಲ್ಲಿ ಅಮ್ಮ ಆ ಹೆಸರನ್ನು ಗಟ್ಟಿಯಾಗಿ ಓದಿ, "ಹೂಂ, ಇರ್ಲಿ ಬಿಡು" ಅಂದಳು. ಅಂದಿನಿಂದ ಇಲ್ಲಿನ ಫಾರ್ಮಸಿಯವರಿಗೆ ಅವಳು ಮಿಸ್ ಲಕ್ಕೂರ್.

ಅಪ್ಪ ತೀರಿಕೊಂಡ ಮೇಲೆ ಅಮ್ಮ ನಮ್ಮ ಜೊತೆಗೇ ಇದ್ದಾಳೆ. ನಾನು ಇಲ್ಲಿನ ಸಿಟಿಜನ್, ಹಾಗಾಗಿ ಅವಳಿಗೆ ಗ್ರೀನ್ ಕಾರ್ಡ್ ಕೇಳಿ ಅರ್ಜಿ ಹಾಕಲು ಹೊರಟೆ. ಅದು ಸಿಕ್ಕರೆ ನನ್ನ ಹತ್ತಿರವೇ ಉಳಿಯಬಹುದು, ಸಿಗದಿದ್ದರೆ ವಾಪಸು ಹೊರಡಬೇಕು. ಮೈಸೂರಿನ ಪಾಲಿಕೆಯಲ್ಲಿ ಅವಳ ಜನನ ಪತ್ರ ಇರಲಿಲ್ಲ. ಹಳೆಯ ತಲೆಮಾರಿನವರ ವಿಷಯದಲ್ಲಿ ಇದು ಮಾಮೂಲು. ಇಬ್ಬರು ಹಿರಿಯರಿಂದ ಅಫಿಡವಿಟ್ ಮಾಡಿಸಿ ಕಳಿಸಿ ಎಂದು ಸೋದರಮಾವನಿಗೆ ಹೇಳಿದೆ. ಅಫಿಡವಿಟ್ ಬದಲು ವಾಟ್ಸಾಪಿನಲ್ಲಿ ಒಂದು ಫೋಟೋ ಬಂತು. ಹಳದಿಗಟ್ಟಿದ ಕಾಗದ, ತುಂಬ ಅರಬ್ಬಿ ಅಕ್ಷರ, ಎರಡು ಮೊಹರು.

"ತಾತನ ಟ್ರಂಕಲ್ಲಿತ್ತು ಪುಟ್ಟಿ. ಅಫಿಡವಿಟ್ ಆಮೇಲೆ ನೋಡೋಣ, ಮೊದ್ಲು ನಿಮ್ಮಮ್ಮನ್ನ ಕೇಳು" ಎಂದರು ಮಾವ.

ಅಮ್ಮ ಅಡುಗೆಮನೆಯಲ್ಲಿ ಹುರಳಿಕಾಯಿ ಸೋಸುತ್ತಿದ್ದಳು. ಫೋನನ್ನು ದೂರ ಹಿಡಿದು ನೋಡಿದಳು.

"ಎಲ್ ಅಂದ್ರೆ ಲಕ್ಕೂರಲ್ಲ ಕಣೆ. ಲಹೆಜ್."

"ಅದೆಲ್ಲಿದೆ?"

"ಏಡನ್ ಹತ್ರ. ನಾನು ಹುಟ್ಟಿದ್ದು ಅಲ್ಲೇ."

ನನಗೆ ಕೋಪ ಬಂತು. ಎಪ್ಪತ್ತು ದಾಟಿದವಳು ಹುಟ್ಟಿದ ಊರನ್ನು ಮಗಳಿಂದ ಬಚ್ಚಿಟ್ಟಿದ್ದಾಳೆ! "ಹೇಳ್ಬಾರ್ದಿತ್ತಾ ಅಮ್ಮ?" ಎಂದು ಕೂಗಿದೆ. ಅವಳು ಹುರಳಿಕಾಯಿಯ ನಾರು ತೆಗೆಯುತ್ತಲೇ, "ನೀನು ಕೇಳಿದ್ಯಾ?" ಅಂದಳು.

ಆ ವಾರವೆಲ್ಲ ಸ್ವಲ್ಪ ಸ್ವಲ್ಪವಾಗಿ ಹೇಳಿದಳು. ತಾತ ಮೈಸೂರು ಸರ್ಕಾರದ ತೋಟಗಾರಿಕೆ ಇಲಾಖೆಯಲ್ಲಿದ್ದವರು. ಲಹೆಜ್‌ನ ಸುಲ್ತಾನರಿಗೆ ತೋಟದ ಹುಚ್ಚಂತೆ, ತಾತನನ್ನು ಕರೆಸಿಕೊಂಡರು. ಊರು ಸುಲ್ತಾನರದ್ದು, ಬಾವುಟ ಅವರದ್ದು, ನ್ಯಾಯ ಹೇಳುವವರೂ ಅವರೇ. ಆದರೆ ಇಪ್ಪತ್ತು ಚಿಲ್ಲರೆ ಮೈಲಿಯಾಚೆ ಏಡನ್ ಬಂದರಿನಲ್ಲಿ ಬ್ರಿಟಿಷರು. ಅವರ ಕಡೆಯ ಒಬ್ಬ ಅಧಿಕಾರಿ ಅಡ್ವೈಸರ್ ಎಂಬ ಹೆಸರಿನಲ್ಲಿ ಬಂದು ಹೋಗುತ್ತಿದ್ದ. ತಾತನಿಗೆ ಇದೇನೂ ಹೊಸದಾಗಿ ಕಾಣಲಿಲ್ಲ. "ನಮ್ಮಲ್ಲೂ ಹಾಗೇ ಇತ್ತಲ್ಲ, ಅರಮನೇಲಿ ಮಹಾರಾಜರು, ಬೆಂಗಳೂರಲ್ಲಿ ಬ್ರಿಟಿಷರ ರೆಸಿಡೆಂಟು" ಎನ್ನುತ್ತಿದ್ದರಂತೆ. ಅಜ್ಜಿ ಮಾತ್ರ, ಸಲಹೆ ಕೊಡುವವನೇ ಯಜಮಾನ ಎಂದು ಬಂದ ವಾರವೇ ಕಂಡುಹಿಡಿದಿದ್ದಳು.

ಅಜ್ಜಿ ಹೇಳಿದ್ದೇ ಸರಿಹೋಯಿತು. ಸುಲ್ತಾನರು ಊರಲ್ಲಿಲ್ಲದಾಗ ಒಂದು ಬೆಳಿಗ್ಗೆ ಬ್ರಿಟಿಷರ ಸೈನಿಕರು ಬಂದು ಅರಮನೆಯ ಸುತ್ತ ನಿಂತರು. ಸುಲ್ತಾನರು ಇನ್ನು ಬರುವುದಿಲ್ಲ ಎಂದು ಆ ಸೈನಿಕರೇ ಹೇಳಿದರು. ಅಮ್ಮನಿಗಾಗ ಐದು ವರ್ಷವಿರಬೇಕು. ತಾತನ ಗೊಂದಲ ಮಾತ್ರ ಅವಳಿಗೆ ಚೆನ್ನಾಗಿ ನೆನಪಿದೆ. ಕೆಲಸ ಬಿಟ್ಟು ಊರಿಗೆ ಹೋಗೋಣವೆಂದರೆ ರಾಜೀನಾಮೆ ಯಾರಿಗೆ ಕೊಡಬೇಕು? ಸುಲ್ತಾನರಿಲ್ಲ. ಅಡ್ವೈಸರ್ ಬಳಿ ಹೋದರೆ, ನೀವು ಸುಲ್ತಾನರ ನೌಕರರು, ನಮಗೆ ಸಂಬಂಧವಿಲ್ಲ ಎಂದ. ಹಾಗಾಗಿ ತಾತ ಇನ್ನೂ ಹಲವು ದಿನ ಎದ್ದು ಹೋಗಿ ಯಾರದ್ದೆಂದು ಗೊತ್ತಿಲ್ಲದ ಆ ತೋಟಕ್ಕೆ ನೀರು ಬಿಡಿಸಿದರು. ಕೊನೆಗೆ ಅರಮನೆಯ ಗುಮಾಸ್ತರೊಬ್ಬರು ಈ ಕಾಗದ ಬರೆದುಕೊಟ್ಟರು, ಅಡ್ವೈಸರ್ ಅದರ ಮೇಲೆ 'ನೋಡಿದ್ದೇನೆ' ಎಂದು ಇಂಗ್ಲಿಷಿನಲ್ಲಿ ಗೀಚಿ ಮೊಹರು ಒತ್ತಿದ.

ಮೈಸೂರಿಗೆ ಬಂದ ಮೇಲೆ, ಅರಬರ ಊರಲ್ಲಿ ಹುಟ್ಟಿದ ಹುಡುಗಿಯನ್ನು ಯಾರು ಮದುವೆಯಾಗುತ್ತಾರೆ ಎಂದು ಅಜ್ಜಿಗೆ ಹೆದರಿಕೆ. ಶಾಲೆಗೆ ಸೇರಿಸುವಾಗ ಹುಟ್ಟಿದ್ದು ಮೈಸೂರು ಎಂದು ಬರೆಸಿದಳು. ತಾತ ಎದುರಾಡಲಿಲ್ಲ. ಆದರೆ ಮೇಷ್ಟರು ಇನಿಶಿಯಲ್ ಕೇಳಿದಾಗ, ಅಜ್ಜಿ ಬಾಯಿ ತೆರೆಯುವಷ್ಟರಲ್ಲಿ, ಎಲ್ ಎಂದುಬಿಟ್ಟರು.

ನನಗೀಗ ತಲೆ ಕೆಟ್ಟುಹೋಯಿತು. ಆ ಜಾಗ ಇವತ್ತು ಯೆಮನ್ ದೇಶದಲ್ಲಿದೆ. ಆ ದೇಶದವರಿಗೆ ಇಲ್ಲಿನ ಬಾಗಿಲು ತೆರೆಯುವುದು, ಮುಚ್ಚುವುದು ನಡೆದೇ ಇದೆ. ಅಮ್ಮ ಇಂಡಿಯಾದವಳೇ ನಿಜ, ಆದರೆ ಆ ಹೆಸರು ಕಂಡು ಯಾರಾದರೂ ಫೈಲನ್ನು ಪಕ್ಕಕ್ಕಿಟ್ಟರೆ? ಮೈಸೂರು ಎಂದೇ ಬರೆದರೆ ಯಾರಿಗೂ ತಿಳಿಯುವುದಿಲ್ಲ. ಪಕ್ಕದ ಮನೆಯ ಅಂಕಲ್ ಕೂಡ, "ಸುಮ್ನೆ ಮೈಸೂರು ಅಂತ ಹಾಕಮ್ಮ, ಯಾಕೆ ರಿಸ್ಕ್ ತಗೋತೀಯ" ಎಂದರು. ಲಾಯರ್ ಮಾತ್ರ ನಿಜ ಬರೆಯಿರಿ, ಕಾಗದವನ್ನು ಅನುವಾದ ಮಾಡಿಸಿ ಎಂದರು. ನಾನು ಎರಡೂ ಕಡೆ ತೂಗುತ್ತಾ ಕೂತೆ. ಅಮ್ಮ ಕೂರಲಿಲ್ಲ.

"ಅರವತ್ತೈದು ವರ್ಷ ಸುಳ್ಳು ಬರೆದಾಯ್ತು. ಇನ್ನು ಬೇಡ."

ಫ್ಯಾಕ್ಟರಿಯಲ್ಲಿ ನನ್ನ ಜೊತೆ ಕೆಲಸ ಮಾಡುವ ಒಬ್ಬಳ ತಂದೆ ಯೆಮನ್‌ನವರು, ಹತ್ತಿರದ ಹ್ಯಾಮ್‌ಟ್ರಾಮಿಕ್‌ನಲ್ಲಿ ಮನೆ. ಅನುವಾದಕರಿಗೆ ಕೊಡುವ ಮೊದಲು ಅದರಲ್ಲಿ ಏನಿದೆಯೆಂದು ತಿಳಿಯಲು ಅಮ್ಮನನ್ನು ಕರೆದುಕೊಂಡು ಹೋದೆ. ಆ ಹಿರಿಯರು ಕನ್ನಡಕ ಏರಿಸಿಕೊಂಡು ನಿಧಾನವಾಗಿ ಓದಿ ಇಂಗ್ಲಿಷಿನಲ್ಲಿ ಹೇಳಿದರು: ಸುಲ್ತಾನರ ತೋಟದ ಭಾರತೀಯ ಅಧಿಕಾರಿ, ಅವನ ಹೆಂಡತಿ, ನಮ್ಮ ಲಹೆಜ್‌ನಲ್ಲಿ ಹುಟ್ಟಿದ ಅವನ ಮಗಳು, ಇವರನ್ನು ಗೌರವದಿಂದ ಕಳಿಸಿಕೊಡಲಾಗಿದೆ.

"ನೀವೂ ಲಹೆಜ್‌ನವರಾ?" ಎಂದು ಅಮ್ಮ ಆಸೆಯಿಂದ ಕೇಳಿದಳು.

"ಅಯ್ಯೋ, ಇಲ್ಲ" ಎಂದು ಅವರು ನಕ್ಕರು. "ಆಗ ಯೆಮನ್ ಅಂದರೆ ಬೆಟ್ಟದ ಮೇಲಿನ ನಾವು, ಇಮಾಮರ ರಾಜ್ಯ. ನಿಮ್ಮದು ಕೆಳಗೆ, ಸುಲ್ತಾನರದ್ದು. ನಡುವೆ ಗಡಿ, ಗಡಿಯಲ್ಲಿ ಬಂದೂಕು. ಈಗ ಎಲ್ಲವೂ ಒಂದೇ ಅನ್ನುತ್ತಾರೆ."

ಅಮ್ಮ ತಲೆಯಾಡಿಸಿದಳು. "ಹೌದು, ಯೆಮನ್ ಕಡೆಗೆ ಹೋಗ್ಬೇಡ ಅಂತ ಅಣ್ಣ ಹೆದರಿಸ್ತಿದ್ರು" ಎಂದು ನನಗೆ ಕನ್ನಡದಲ್ಲಿ ಹೇಳಿದಳು. ಅವಳು ತನ್ನ ಅಪ್ಪನನ್ನು ಅಣ್ಣ ಎನ್ನುತ್ತಿದ್ದಳು. ನನಗೆ ಇನ್ನಷ್ಟು ಗೊಂದಲವಾಯಿತು.

ಡೆಟ್ರಾಯಿಟ್‌ನಲ್ಲಿ ಇಂಟರ್‌ವ್ಯೂ. ಅಮ್ಮ ರೇಷ್ಮೆ ಸೀರೆ ಉಟ್ಟಿದ್ದಳು. ಆಫೀಸರ್ ಮೊದಲು ಅವಳ ಬಲಗೈ ಎತ್ತಿಸಿ ಸತ್ಯವನ್ನೇ ಹೇಳುತ್ತೇನೆಂದು ಪ್ರಮಾಣ ಮಾಡಿಸಿದಳು. ಪಾಸ್‌ಪೋರ್ಟಿನಲ್ಲಿ ಮೈಸೂರು ಎಂದು ಯಾಕಿದೆ ಎಂದು ಕೇಳಿದಾಗ ಅಮ್ಮ ತನ್ನ ಟೀಚರ್ ಇಂಗ್ಲಿಷಿನಲ್ಲಿ, "ನನಗೆ ಮದುವೆಯಾಗಬೇಕಿತ್ತು" ಎಂದಳು. ಆಫೀಸರ್ ನಕ್ಕಳು, ನನ್ನ ಎದೆ ಹಗುರಾಯಿತು.

"ಹುಟ್ಟಿದ ದೇಶ?"

"ಲಹೆಜ್."

ಆಫೀಸರ್ ಕಂಪ್ಯೂಟರಿನ ಪಟ್ಟಿಯಲ್ಲಿ ಹುಡುಕಿದಳು. "ಅದು ಊರಲ್ಲವೇ ಮ್ಯಾಮ್? ದೇಶ ಯಾವುದು?"

"ಆಗ ಅದೇ ದೇಶ. ಸುಲ್ತಾನರದ್ದು. ಮೇಲೆ ಬ್ರಿಟಿಷರು."

ಪಟ್ಟಿಯಲ್ಲಿ ಸುಲ್ತಾನರೂ ಇರಲಿಲ್ಲ, ಬ್ರಿಟಿಷರೂ ಇರಲಿಲ್ಲ. ಆಫೀಸರ್ ನಾವು ಕೊಟ್ಟ ಅನುವಾದವನ್ನೂ ಪರದೆಯನ್ನೂ ನೋಡಿ ಕೇಳಿದಳು: "ನೀವು ಯೆಮನ್‌ನಲ್ಲಿ ಹುಟ್ಟಿದಿರಿ. ಸರಿಯೇ?"

ಅಮ್ಮ ನನ್ನ ಕಡೆ ತಿರುಗಿದಳು. ಇಲ್ಲ ಎಂದರೆ ಮುಂದೇನಾಗುತ್ತದೋ ಎಂಬ ಭಯವೊಂದೇ ನನ್ನಲ್ಲಿದ್ದದ್ದು. "ಹೂಂ ಅನ್ನಮ್ಮ" ಎಂದು ಮೆಲ್ಲಗೆ ಹೇಳಿದೆ.

"ಯೆಸ್" ಎಂದಳು ಅಮ್ಮ.

ಅರ್ಜಿ ಒಪ್ಪಿಗೆಯಾಗಿದೆ ಎಂದು ಆಫೀಸರ್ ಅಲ್ಲೇ ತಿಳಿಸಿದಳು. ಲಿಫ್ಟಿನಲ್ಲಿ ನಾನು ಅಮ್ಮನನ್ನು ತಬ್ಬಿಕೊಂಡು ಅತ್ತೆ. ಐ-75 ಹೆದ್ದಾರಿ ಹತ್ತಿ ನಾಲ್ಕು ಎಕ್ಸಿಟ್ ದಾಟುವವರೆಗೂ ನಾನೇ ಒಂದೇ ಸಮನೆ ಮಾತಾಡುತ್ತಿದ್ದೆ.

"ಖುಷಿಯಾಯ್ತಾ ಅಮ್ಮ?"

"ನಿನ್ನ ಜೊತೆ ಇರ್ಬಹುದಲ್ಲ, ಆಯ್ತು" ಎಂದು ಹೊರಗೆ ನೋಡಿದಳು. "ಮೈಸೂರು ಅಂತ ಬರ್ಸಿದ್ದು ನಮ್ಮಮ್ಮ. ಲಕ್ಕೂರು ಅಂತ ಬರೆದಿದ್ದು ನೀನು. ಯೆಮನ್ ಅಂದಿದ್ದು ನಾನು. ನಾನಾಗೇ ಕೈಯೆತ್ತಿ ಪ್ರಮಾಣ ಮಾಡಿ ಹೇಳಿದ ಸುಳ್ಳು ಇದೊಂದೇ ಕಣೆ."