ಸುಣ್ಣದ ತಿಳಿನೀರಿನಲ್ಲಿ ಅಕ್ಕನ ಉಸಿರು

ಸುಣ್ಣದ ತಿಳಿನೀರಿಗೆ ಯಾರು ಉಸಿರು ಊದಿದರೂ ಅದು ಬೆಳ್ಳಗಾಗುತ್ತದೆ. ಹೈಸ್ಕೂಲಿನಲ್ಲಿ ಕಲಿತ ಈ ಸಂಗತಿಯನ್ನು ಹೇಳಬೇಕಾಗಿದ್ದ ದಿನ ನಾನು ಹೇಳಲಿಲ್ಲ. ಈ ಇಳಿವಯಸ್ಸಿನಲ್ಲಿ ಅದನ್ನು ಬರೆದಿಡುತ್ತಿದ್ದೇನೆ.

ನಮ್ಮದು ಹೊಳೆಗೂ ಕಡಲಿಗೂ ನಡುವಿನ ಬೆಂಗ್ರೆಯಲ್ಲಿ ಮೀನು ಹಿಡಿಯುವವರ ಮನೆ. ಬೆಳಿಗ್ಗೆ ದೋಣಿಯಲ್ಲಿ ಹೊಳೆ ದಾಟಿ, ಬಲ್ಮಠದ ಗುಡ್ಡ ಹತ್ತಿ ಶಾಲೆಗೆ ಹೋಗುತ್ತಿದ್ದೆ. ಮನೆಯಲ್ಲಿ ಅಷ್ಟು ಓದಿದವನು ನಾನೊಬ್ಬನೇ. ಹಾಗಾಗಿ ನನ್ನ ಮಾತಿಗೆ ನನ್ನ ವಯಸ್ಸಿಗಿಂತ ಹೆಚ್ಚು ತೂಕವಿತ್ತು.

ವಿಜ್ಞಾನದ ಮಾಸ್ತರರು ಒಂದು ದಿನ ಗಾಜಿನ ಲೋಟದಲ್ಲಿ ಸುಣ್ಣದ ತಿಳಿನೀರು ಇಟ್ಟು, ಪಪ್ಪಾಯಿ ಎಲೆಯ ದಂಟಿನಿಂದ ಊದಿದರು. ನೀರಿನೊಳಗೆ ಮಂಜು ಕವಿದಂತಾಯಿತು. ನಾವು ಉಂಡ ಅನ್ನದಲ್ಲೂ ಒಲೆಯ ಇದ್ದಲಿನಲ್ಲೂ ಇರುವುದು ಒಂದೇ ಇಂಗಾಲ ಎಂದರು. ಎಳೆದುಕೊಂಡ ಗಾಳಿಯ ಆಮ್ಲಜನಕ ಅದನ್ನು ಮೈಯೊಳಗೆ ಉರಿಯಿಲ್ಲದೆ ಮೆಲ್ಲಗೆ ಸುಡುತ್ತದೆ. ಅದರಿಂದಲೇ ಮೈ ಬೆಚ್ಚಗಿರುವುದು. ಹಾಗೆ ಹುಟ್ಟಿದ ಇಂಗಾಲಾಮ್ಲ ಅನಿಲ ಉಸಿರಿನಲ್ಲಿ ಹೊರಬಂದು ಸುಣ್ಣವನ್ನು ಸೇರಿದರೆ ಈ ಬಿಳಿ ಪುಡಿ. ಹೊಳೆಯ ಚಿಪ್ಪುಗಳಾಗಿರುವುದೂ ಇದರಿಂದಲೇ.

ಆ ಸಂಜೆ ದೋಣಿಯಲ್ಲಿ ನನಗೆ ಅರೆನಿದ್ದೆ. ದಡದಲ್ಲಿ ಚಿಪ್ಪಿನ ರಾಶಿಗಳು ಬೆಳ್ಳಗೆ ಕಾಣುತ್ತಿದ್ದವು. ಅವನ್ನು ಸುಟ್ಟು ಮಾಡಿದ ಸುಣ್ಣವನ್ನೇ ಅಮ್ಮ ವೀಳ್ಯದೆಲೆಗೆ ಹಚ್ಚುವುದು. ಸುಡುವಾಗ ಚಿಪ್ಪು ಬಿಟ್ಟುಕೊಟ್ಟ ಅನಿಲವನ್ನು ನನ್ನ ಉಸಿರು ಅದಕ್ಕೆ ಮರಳಿ ಕೊಡುತ್ತದೆ! ದೋಣಿಯಲ್ಲಿ ಕೂತವರೆಲ್ಲರ ಉಸಿರು ನೀರಿಗಿಳಿದು, ಕೆಸರಿನಲ್ಲಿ ಮಲಗಿದ ಮಳಿ ಎಂಬ ಚಿಪ್ಪುಜೀವಿಗಳ ಮೈಮೇಲೆ ಪದರ ಪದರವಾಗಿ ಕೂರುವುದನ್ನು ಕಂಡೆ. ಅದು ಕನಸೋ ಪಾಠವೋ ತಿಳಿಯಲಿಲ್ಲ.

ಅದಾಗಿ ಕೆಲವೇ ದಿನಗಳಲ್ಲಿ ಅಕ್ಕನನ್ನು ನೋಡಲು ಸ್ವಂತ ದೋಣಿ ಇದ್ದ ಒಂದು ಮನೆಯಿಂದ ಹುಡುಗನ ತಾಯಿ ಮತ್ತು ಬಂಧುಗಳು ಬಂದರು. ಹುಡುಗನನ್ನು ಅಕ್ಕ ಕಂಡಿದ್ದಳು. ಅವಳಿಗೆ ಮನಸ್ಸಿತ್ತು. ಆ ವಾರ ಅವಳಿಗೆ ಶೀತವೂ ಇತ್ತು.

ಮಾತು ಮುಗಿಯುತ್ತಾ ಬಂದಾಗ ಕಲಿತದ್ದನ್ನು ತೋರಿಸಲು ನಾನು ಸುಣ್ಣದ ತಿಳಿನೀರಿನ ಲೋಟ, ಪಪ್ಪಾಯಿ ದಂಟು ಹಿಡಿದು ನಡುವೆ ಬಂದೆ.

"ಎಂತ ಮಾರಾಯ, ಇದು ಕುಡಿಯುವುದಾ, ಊದುವುದಾ?" ಎಂದು ಅಕ್ಕ ನಕ್ಕಳು.

"ಊದು ಅಕ್ಕ. ಹೇಗೂ ನಿನ್ನ ಬಾಯಿ ಜೋರು."

ಅವಳು ಊದಿದಳು. ನೀರು ಬೆಳ್ಳಗಾಯಿತು. ಹುಡುಗನ ತಾಯಿ ಮುಂದಕ್ಕೆ ಬಾಗಿದರು. "ಎಂತ ಮಗಾ ಅದು?"

"ಎದೆಯಿಂದ ಬಂದ ಕೆಟ್ಟ ಗಾಳಿ," ಎಂದೆ, ಮಾಸ್ತರರ ಧಾಟಿಯಲ್ಲಿ.

"ನಾನು ಊದಿದರೂ ಹೀಗೇ ಆಗ್ತದಾ?"

ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಹೌದು ಎಂದಿದ್ದರೆ ನಾನು ಮತ್ತೆ ಬರೀ ಹುಡುಗನಾಗುತ್ತಿದ್ದೆ.

"ಎಲ್ಲರದ್ದೂ ಹೀಗಾಗುವುದಿಲ್ಲ," ಎಂದೆ.

ಅಕ್ಕ ಅದೇ ಹೊತ್ತಿಗೆ ಕೆಮ್ಮಿದಳು.

ಹೇಳಿ ಕಳುಹಿಸುತ್ತೇವೆ ಎಂದು ಹೋದವರು ಕಳುಹಿಸಲಿಲ್ಲ. ಮೀನು ಮಾರುವ ಹೆಂಗಸೊಬ್ಬಳು ಸುದ್ದಿ ತಂದಳು: "ನಿಮ್ಮ ಹುಡುಗಿಗೆ ಕ್ಷಯ ಉಂಟಂತೆ. ತಮ್ಮನೇ ತೋರಿಸಿದನಂತೆ." ಅಮ್ಮ ಅಕ್ಕನ ಲೋಟ, ಬಟ್ಟಲನ್ನು ಬೇರೆ ಇಟ್ಟರು. ಬಲೆ ನೇಯುವಾಗ ಪಾಡ್ದನದ ಹಾಡು ಹೇಳುತ್ತಿದ್ದ ಅಕ್ಕ ಸುಮ್ಮನಾದಳು. ನಾನೂ ಸುಮ್ಮನಿದ್ದೆ. ಮಳೆಗಾಲ ಪೂರ್ತಿ ಸುಮ್ಮನಿದ್ದೆ. ಕನಸಿನಲ್ಲಿ ಅವಳ ಬಾಯಿಂದ ಚಿಪ್ಪುಗಳು ಸದ್ದಿಲ್ಲದೆ ಉದುರುತ್ತಿದ್ದವು.

ಶೀತ ಎಂದೋ ಬಿಟ್ಟಿತ್ತು. ಆದರೂ ಒಂದು ದಿನ ಅಕ್ಕ ನೀರು ಕುಡಿದು ಲೋಟವನ್ನು ತಾನೇ ಬೂದಿ ಹಾಕಿ ಮತ್ತೆ ಮತ್ತೆ ಉಜ್ಜುತ್ತಿದ್ದಳು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಸುಣ್ಣ ಕಲಕಿ, ನೀರು ತಿಳಿಯಾದ ಮೇಲೆ ಅಮ್ಮನನ್ನೂ, ಮನೆಯ ಹಿರಿಯರಾದ ಸೋದರಮಾಮನನ್ನೂ ಕರೆದು ನಾನು ಊದಿದೆ. ಬೆಳ್ಳಗಾಯಿತು. ನೀರು ಬದಲಿಸಿ ಅವರಿಂದಲೂ ಊದಿಸಿದೆ.

"ಅಯ್ಯೋ, ಹಾಗಾದರೆ ನಮಗೆಲ್ಲರಿಗೂ ಕ್ಷಯವಾ?" ಎಂದರು ಅಮ್ಮ.

"ಅಲ್ಲಮ್ಮ. ಉಸಿರಾಡುವವರಿಗೆಲ್ಲ ಹೀಗೇ ಆಗ್ತದೆ."

ಮಾಮ ನನಗೆ ಹೊಡೆಯಲಿಲ್ಲ. "ಅವತ್ತು ನಿನ್ನ ಬಾಯಿಯಲ್ಲಿ ಎಂತ ಇತ್ತು? ಕಡುಬಾ?" ಎಂದು ಕೇಳಿ, ರಟ್ಟೆ ಹಿಡಿದು ದೋಣಿಗೆ ಹತ್ತಿಸಿದರು.

ಹುಡುಗನ ಮನೆಯ ಜಗಲಿಯಲ್ಲಿ ಎಲ್ಲವನ್ನೂ ಒಪ್ಪಿಕೊಂಡೆ. ಹುಡುಗನ ತಾಯಿ ತಾವೇ ನನ್ನ ಕೈಯಿಂದ ತಿಳಿನೀರಿನ ಲೋಟ ತೆಗೆದುಕೊಂಡು ಊದಿದರು. ಬಿಳಿಯಾದ ನೀರನ್ನು ಅಂಗಳಕ್ಕೆ ಚೆಲ್ಲಿದರು. ಆಮೇಲೆ ಮಾಮನ ಕಡೆ ತಿರುಗಿ, "ಬೇರೆ ಕಡೆ ಮಾತು ಕೊಟ್ಟಾಯ್ತಲ್ಲ," ಎಂದರು.

ಮನೆಗೆ ಬಂದಾಗ ಅಕ್ಕ ಬಾಗಿಲಲ್ಲಿ ನಿಂತಿದ್ದಳು. "ಅವರೂ ಊದಿದರಾ?"

"ಊದಿದರು. ಬೆಳ್ಳಗಾಯ್ತು."

"ಮೊದಲೇ ಗೊತ್ತಿತ್ತಾ ನಿನಗೆ?"

"ಗೊತ್ತಿತ್ತು."

ಅವಳು ಬಯ್ಯಲಿಲ್ಲ. ಬೈದಿದ್ದರೆ ಇಂದು ಇದನ್ನು ಬರೆಯುತ್ತಿರಲಿಲ್ಲವೇನೋ.

ವರ್ಷಗಳ ನಂತರ ಅಕ್ಕನಿಗೆ ಮದುವೆಯಾಯಿತು, ಮಕ್ಕಳಾದವು, ಎದೆಗೆ ಏನೂ ಆಗಲಿಲ್ಲ. ಆದರೆ ಯಾರೊಂದಿಗೆ ಮಾತಾಡುವಾಗಲೂ ಮುಖ ಸ್ವಲ್ಪ ಪಕ್ಕಕ್ಕೆ ತಿರುಗಿಸಿಕೊಳ್ಳುತ್ತಿದ್ದಳು, ಎದುರಿನವರಿಗೆ ತನ್ನ ಉಸಿರು ತಾಗದಂತೆ. ತನ್ನ ಕೂಸಿಗೆ ಮುತ್ತಿಡುವಾಗಲೂ ಉಸಿರು ಬಿಗಿಹಿಡಿಯುತ್ತಿದ್ದಳು. ಅವಳ ಮಕ್ಕಳು ಅದನ್ನು ನಾಚಿಕೆ ಎಂದುಕೊಂಡಿದ್ದಾರೆ. ನಾಚಿಕೆಯಲ್ಲ ಎಂದು ಅವರಿಗೆ ಹೇಳುವವರು ನನ್ನನ್ನು ಬಿಟ್ಟರೆ ಈಗ ಯಾರೂ ಉಳಿದಿಲ್ಲ.